ತುಂಗಭದ್ರೆಯಲ್ಲಿ, ಕೃಷ್ಣೆಯಲ್ಲಿ ದೋಣಿ ಹತ್ತುವವರು ತಿಳಿದಿರಬೇಕಾದದ್ದು

ಆನೆಗೊಂದಿಯ ದಡದಲ್ಲಿ ಬೆಳಗಿನ ಏಳು ಗಂಟೆಗೆ ನಿಂತು ನೋಡಿದರೆ ಹೊಳೆ ಒಂದೇ ಆದರೂ ಅದನ್ನು ಬಳಸುವವರು ಎಷ್ಟು ಬಗೆಯ ಜನರೆಂಬುದು ತಿಳಿಯುತ್ತದೆ. ರಾತ್ರಿ ಬಿಟ್ಟ ಬಲೆಯನ್ನು ಎಳೆದುಕೊಳ್ಳುವ ಮೀನುಗಾರರು, ಮಡಿಯುಟ್ಟು ನವಬೃಂದಾವನದ ನಡುಗಡ್ಡೆಗೆ ಹೊರಟ ಯಾತ್ರಿಕರು, ಬಂಡೆಯ ಮೇಲೆ ಬಟ್ಟೆ ಒಗೆಯುವವರು, ಎಮ್ಮೆಯ ಮೈ ತೊಳೆಯುವವರು, ಭತ್ತದ ಗದ್ದೆಗೂ ಬಾಳೆ ತೋಟಕ್ಕೂ ನೀರೆತ್ತಲು ನದಿಗಿಳಿಸಿದ ಪಂಪ್‌ಸೆಟ್ಟಿನ ಕೊಳವೆಗಳು, ಇವೆಲ್ಲದರ ನಡುವೆ ಹರಿಗೋಲಿನಲ್ಲಿ ಕುಳಿತು ಮೊಬೈಲ್ ಮೇಲೆತ್ತಿದ ಪ್ರವಾಸಿಗರು, ಇಷ್ಟೂ ಒಂದೇ ನೋಟದಲ್ಲಿ ಸಿಗುತ್ತವೆ. ರಸ್ತೆಯಲ್ಲಾದರೆ ಇವರಿಗೆಲ್ಲ ಬೇರೆ ಬೇರೆ ಜಾಗವನ್ನು ಗೆರೆ ಎಳೆದು ತೋರಿಸಬಹುದು, ನೀರಿನ ಮೇಲೆ ಗೆರೆ ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಸೌಜನ್ಯ ಮತ್ತು ಸುರಕ್ಷತೆ ಎರಡು ಬೇರೆ ವಿಷಯಗಳಾಗಿ ಉಳಿಯುವುದಿಲ್ಲ. ಅವಸರದಿಂದ ಒಬ್ಬರ ಮಗ್ಗುಲಲ್ಲಿ ಹಾದುಹೋದ ದೋಣಿಯ ಅಲೆಯೇ ಇನ್ನೊಬ್ಬರ ದೋಣಿಯೊಳಗೆ ನೀರಾಗಿ ಸೇರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹೊಳೆ, ಕೆರೆ, ಹಿನ್ನೀರುಗಳಲ್ಲಿ ದೋಣಿಯಾನಕ್ಕೆ ಹೋಗುವವರಿಗೂ ಹೊಸದಾಗಿ ದೋಣಿ ನಡೆಸಲು ಕಲಿಯುವವರಿಗೂ ಉಪಯೋಗವಾಗಲೆಂದು ಈ ಬರಹ.

ಮೊದಲು ಮೇಲಿನ ನೀರಿನ ಸುದ್ದಿ ಕೇಳಿ

ಮನೆಯಿಂದ ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆ ಹವೆ ಹೇಗಿದೆ ಎಂಬುದಲ್ಲ, ಮೇಲಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದು. ಗಂಗಾವತಿಯಲ್ಲಿ ಒಂದು ಹನಿಯೂ ಬೀಳದ ದಿನ ತುಂಗಭದ್ರೆ ದಡ ಮೀರಿ ಹರಿಯಬಹುದು, ಏಕೆಂದರೆ ಅದರ ನೀರು ಮಲೆನಾಡಿನದು. ತುಂಗೆ ಮತ್ತು ಭದ್ರೆ ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸೇರಿ, ನಮ್ಮ ತುಂಗಭದ್ರಾ ಅಣೆಕಟ್ಟೆಗೆ ಬಂದು, ಅಲ್ಲಿಂದ ಗೇಟು ಎತ್ತಿದಷ್ಟು ಕೆಳಗಿಳಿಯುತ್ತವೆ. ರಾಯಚೂರಿನ ಕೃಷ್ಣೆಯ ಕತೆಯೂ ಹೀಗೆಯೇ. ಮಹಾಬಲೇಶ್ವರದ ಕಡೆಯ ಮಳೆ ಆಲಮಟ್ಟಿ, ನಾರಾಯಣಪುರ ಜಲಾಶಯಗಳನ್ನು ದಾಟಿ ಬರುವಷ್ಟರಲ್ಲಿ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಜನ ಸಂತೆಗೆ ಹೋಗುವ ದಾರಿಯನ್ನೇ ಕಳೆದುಕೊಂಡಿರುತ್ತಾರೆ.

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ, ಗೇಟುಗಳು 33. ಜುಲೈನಿಂದ ಅಕ್ಟೋಬರ್‌ವರೆಗೆ ಒಳಹರಿವು, ಹೊರಹರಿವುಗಳ ಅಂಕಿಗಳು ಪ್ರತಿದಿನ ಪತ್ರಿಕೆಗಳಲ್ಲಿ ಬರುತ್ತವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಬಿಟ್ಟಿದ್ದಾರೆಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಕೆಳಗೆ ಬರುತ್ತಿದೆ ಎಂದು ಅರ್ಥ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು, ನದಿ ಲಕ್ಷ ಕ್ಯೂಸೆಕ್‌ನ ಆಸುಪಾಸಿಗೆ ಏರಿತು. ಹಿಂದಿನ ಸಂಜೆ ಶಾಂತವಾಗಿದ್ದ ಹೊಳೆ ಬೆಳಗಾಗುವಷ್ಟರಲ್ಲಿ ಬೇರೆಯದೇ ಆಗಿತ್ತು. ಅಂಥ ರಾತ್ರಿಗಳು ಅಪರೂಪ, ನಿಜ. ಆದರೆ ಗೇಟು ಎತ್ತುವುದು ಅಪರೂಪವಲ್ಲ.

ಅಂಕಿ ಸಿಗದಿದ್ದರೆ ಕಲ್ಲು ನೋಡಬೇಕು. ನಮ್ಮ ಕಡೆ ಹೊಳೆಯ ಮಟ್ಟವನ್ನು ಹಿರಿಯರು ಗುರುತಿಸುವುದು ಮಂಟಪಗಳಿಂದ, ಸೇತುವೆಗಳಿಂದ. ಹಂಪಿಯ ಪುರಂದರ ಮಂಟಪದ ಕಂಬಗಳಿಗೆ ನೀರು ಹತ್ತಿದೆಯೇ, ಆನೆಗೊಂದಿಯ ಬಳಿ ನದಿಯ ನಡುವಿನ 64 ಕಂಬಗಳ ಮಂಟಪ ಎಷ್ಟು ಕಾಣುತ್ತಿದೆ, ಕಂಪ್ಲಿಯ ಸೇತುವೆಯ ಮೇಲೆ ಬಸ್ಸು ಓಡುತ್ತಿದೆಯೇ ಎಂದು ವಿಚಾರಿಸಿದರೆ ಹೊಳೆಯ ಸ್ಥಿತಿ ತಿಳಿಯುತ್ತದೆ. ದೋಣಿಯಲ್ಲಿ ಕುಳಿತ ಮೇಲೂ ದಡದ ಒಂದು ಬಂಡೆಯನ್ನು ಗುರುತಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಆ ಬಂಡೆಯ ಒಣ ಭಾಗ ಕಿರಿದಾಗಿದ್ದರೆ, ನೀರಿನ ಬಣ್ಣ ಕೆಂಪಡರಿದ್ದರೆ, ಕಸಕಡ್ಡಿ ತೇಲಿ ಬರತೊಡಗಿದ್ದರೆ ನೀರು ಏರುತ್ತಿದೆ. ತಿರುಗಿ ಬರಬೇಕು, ಮೊದಲು ಸಿಕ್ಕ ದಡಕ್ಕೆ ಬರಬೇಕು.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಭಾರಿ ನೀರು ಬಿಟ್ಟು ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡಾಗ, ಅವರನ್ನು ಕರೆತರಲು ಹೋದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿ, ಅವರನ್ನು ರಕ್ಷಿಸಲು ಇನ್ನೊಂದು ತಂಡ ಹೋಗಬೇಕಾಯಿತು. ತರಬೇತಿ ಪಡೆದವರ, ಯಂತ್ರವಿದ್ದ ದೋಣಿಯ ಗತಿಯೇ ಅದಾದ ನೀರಿನಲ್ಲಿ ಬಿದಿರಿನ ಹರಿಗೋಲು ಇಳಿಸುವಂತೆ ಅಂಬಿಗನಿಗೆ ಹೆಚ್ಚಿನ ಹಣದ ಆಸೆ ತೋರಿಸುವವರನ್ನು ನಾನು ಇಂದಿಗೂ ನೋಡುತ್ತೇನೆ.

ಅಂಬಿಗ ಬೇಡವೆಂದರೆ ಬೇಡ

ದೋಣಿಯ ಮೇಲೆ ಕೊನೆಯ ಮಾತು ಅಂಬಿಗನದು. ಅವನು ಇವತ್ತು ಇಳಿಸುವುದಿಲ್ಲ ಎಂದರೆ ಅದನ್ನು ಚೌಕಾಸಿಯ ಆರಂಭವೆಂದು ಭಾವಿಸಬಾರದು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಕಾಲದಿಂದಲೂ ಈ ಕಸುಬಿನವರ ಮಾತು ಖಾರವೇ. ನಿಮ್ಮ ಹೊಟ್ಟೆ ನೋಡಿ ನೀವು ನಡುವೆ ಕೂರಿ ಎಂದು ಹೇಳಿದರೆ ಬೇಸರಪಟ್ಟುಕೊಳ್ಳದೆ ನಡುವೆ ಕೂರುವುದು ಒಳ್ಳೆಯದು, ಅವನು ಲೆಕ್ಕ ಹಾಕುತ್ತಿರುವುದು ಭಾರವನ್ನು. ಬಾಡಿಗೆ ಎಷ್ಟು, ಎಲ್ಲಿಯವರೆಗೆ, ತಿರುಗಿ ಯಾವಾಗ ಎಂಬುದನ್ನು ದಡದಲ್ಲಿಯೇ ಗೊತ್ತುಮಾಡಿಕೊಳ್ಳಿ. ನಡುನೀರಿನಲ್ಲಿ ಹಣದ ಜಗಳ ತೆಗೆದರೆ ಹುಟ್ಟು ಹಾಕುವವನ ಗಮನ ಹೊಳೆಯಿಂದ ತಪ್ಪುತ್ತದೆ.

ಹತ್ತುವ ಮುನ್ನ ಹರಿಗೋಲನ್ನು ಒಮ್ಮೆ ಸುತ್ತು ಹಾಕಿ ನೋಡುವುದು ಅವಮಾನವಲ್ಲ, ಒಳ್ಳೆಯ ಅಂಬಿಗ ಅದನ್ನು ಮೆಚ್ಚುತ್ತಾನೆ. ಬಿದಿರಿನ ಹೆಣಿಗೆ ಎಲ್ಲಿಯಾದರೂ ಮುರಿದು ಮೊನೆ ಎದ್ದಿದೆಯೇ, ಹೊರಗಿನ ಡಾಂಬರು ಅಥವಾ ಪ್ಲಾಸ್ಟಿಕ್ ಹಾಳೆ ಹರಿದಿದೆಯೇ, ತಳದಲ್ಲಿ ನೀರು ಒಸರಿ ನಿಂತಿದೆಯೇ, ನೀರು ಮೊಗೆದು ಚೆಲ್ಲಲು ಒಂದು ಡಬ್ಬಿ ಇದೆಯೇ, ಒಂದು ಹುಟ್ಟು ಕೈಜಾರಿದರೆ ಇನ್ನೊಂದು ಇದೆಯೇ, ಹತ್ತಿಪ್ಪತ್ತು ಮೀಟರ್ ಹಗ್ಗ ಇದೆಯೇ ಎಂದು ಗಮನಿಸಬೇಕು. ಯಂತ್ರದ ದೋಣಿಯಾದರೆ ನೋಂದಣಿ ಮತ್ತು ತಪಾಸಣೆಯ ಪತ್ರ ಕೇಳುವ ಹಕ್ಕು ನಿಮಗಿದೆ. 2021ರ ಒಳನಾಡು ಹಡಗುಗಳ ಕಾಯ್ದೆ ಅವನ್ನು ಕಡ್ಡಾಯ ಮಾಡಿದೆ. ಕಾಗದಕ್ಕಿಂತ ಬೇಗ ಉತ್ತರ ಕೊಡುವುದು ದೋಣಿಯ ಅಂಚು. ಎಲ್ಲರೂ ಕುಳಿತ ಮೇಲೆ ನೀರಿನ ಮಟ್ಟಕ್ಕೂ ಅಂಚಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಉಳಿದಿದ್ದರೆ ಯಾರಾದರೂ ಇಳಿಯಬೇಕು, ಆ ಯಾರಾದರೂ ನೀವೇ ಆಗಬಹುದು. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕೃಷ್ಣೆಯಲ್ಲಿ ತೆಪ್ಪ ಮಗುಚಿ ನಾಲ್ವರು ಮುಳುಗಿಹೋದರು. ಅವರು ವಿಹಾರಕ್ಕೆ ಹೊರಟವರಲ್ಲ, ಆಚೆ ದಡದ ಊರಿಗೆ ದಿನಬಳಕೆಯ ಕೆಲಸಕ್ಕೆ ಹೋಗಿದ್ದ ಊರಿನವರು. ಹೊಳೆಯ ಒಡನಾಟ ಇದ್ದವರಿಗೆ ನೀರು ರಿಯಾಯಿತಿ ಕೊಡುವುದಿಲ್ಲ.

ಲೈಫ್ ಜಾಕೆಟ್ ಈಜು ಬಾರದವರಿಗೆ ಮಾತ್ರ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ತಲೆ ಬಂಡೆಗೆ ತಾಗಿ ಎಚ್ಚರ ತಪ್ಪಿದರೆ ಈಜುಗಾರನೂ ಈಜು ಬಾರದವನೇ, ಮತ್ತು ಆನೆಗೊಂದಿಯ ಹೊಳೆಯಲ್ಲಿ ಬಂಡೆಗೆ ಬರವಿಲ್ಲ. ಜಾಕೆಟ್ಟಿನ ಎಲ್ಲ ಕೊಂಡಿಗಳನ್ನೂ ಹಾಕಿ ಪಟ್ಟಿಗಳನ್ನು ಬಿಗಿ ಮಾಡಿ, ಇನ್ನೊಬ್ಬರಿಗೆ ಅದರ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಲು ಹೇಳಿ. ಅದು ಗದ್ದ, ಕಿವಿಯವರೆಗೆ ಎದ್ದು ಬಂದರೆ ನೀರಿನಲ್ಲಿ ನಿಮ್ಮನ್ನು ಬಿಟ್ಟು ಅದೊಂದೇ ತೇಲುತ್ತದೆ. ದೊಡ್ಡವರ ಜಾಕೆಟ್ ಮಕ್ಕಳಿಗೆ ಹಾಕಿದರೆ ಆಗುವುದೂ ಅದೇ, ಆದ್ದರಿಂದ ಮಗುವಿನ ತೂಕಕ್ಕೆ ತಕ್ಕದ್ದು, ಕಾಲುಗಳ ನಡುವಿನ ಪಟ್ಟಿ ಇರುವುದು ಬೇಕು. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದು, ಜನ ಅದರ ಮೇಲೆಯೇ ಕುಳಿತು ಒಳಗಿನ ಫೋಮ್ ಅಪ್ಪಚ್ಚಿಯಾದ ಜಾಕೆಟ್ಟುಗಳನ್ನು ದಡದಲ್ಲಿ ರಾಶಿ ಹಾಕಿರುತ್ತಾರೆ. ಬಣ್ಣ ಮಾಸಿ, ಹೊಲಿಗೆ ಬಿಟ್ಟು, ಹಿಚುಕಿದರೆ ಮತ್ತೆ ಉಬ್ಬದೆ ಇರುವುದನ್ನು ತೊಡಬೇಡಿ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಬಿಗಿದು ಅದರ ಮೇಲೆ ಜಾಕೆಟ್ ಹಾಕಿಕೊಳ್ಳಬೇಕು, ಪಂಚೆಯವರು ಕಚ್ಚೆ ಹಾಕಬೇಕು. ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಈಜು ಬಂದೂ ಉಪಯೋಗವಿಲ್ಲ. ಮಗುವನ್ನು ತಮ್ಮ ಮೈಗೋ ದೋಣಿಗೋ ಕಟ್ಟಿಕೊಳ್ಳುವ ತಾಯಂದಿರನ್ನು ಕಂಡಿದ್ದೇನೆ, ಪ್ರೀತಿಯಿಂದ ಮಾಡುವ ಆ ಕೆಲಸ ದೋಣಿ ಮಗುಚಿದಾಗ ಇಬ್ಬರನ್ನೂ ಒಳಗೆ ಸಿಕ್ಕಿಸುತ್ತದೆ. ಕುಡಿದವರನ್ನು ಹತ್ತಿಸಿಕೊಳ್ಳಬಾರದು, ಈ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ.

ಹತ್ತುವಾಗ ಒಬ್ಬೊಬ್ಬರೇ, ಅಂಬಿಗ ದೋಣಿಯನ್ನು ಹಿಡಿದು ನಿಂತಾಗ, ಕಾಲನ್ನು ಅಂಚಿನ ಮೇಲಿಡದೆ ತಳದ ನಡುವೆ ಇಟ್ಟು, ಕೂಡಲೇ ಕೆಳಗೆ ಕೂರಬೇಕು. ಹರಿಗೋಲಿಗೆ ದೋಣಿಯನ್ನು ನೇರವಾಗಿಡುವ ತಳದ ಏಣು (ಕೀಲ್) ಇಲ್ಲ, ಚುಕ್ಕಾಣಿ ಇಲ್ಲ. ಅದು ಸ್ಥಿರವಾಗಿರುವುದು ಭಾರ ಕೆಳಗಿದ್ದು ಸುತ್ತಲೂ ಸಮನಾಗಿ ಹರಡಿದ್ದಾಗ ಮಾತ್ರ. ಮೊಸಳೆ ಕಂಡಿತೆಂದು ಎಂಟು ಜನ ಒಂದೇ ಕಡೆ ವಾಲಿದರೆ ಮೊಸಳೆಯ ಕೆಲಸ ಸುಲಭವಾಗುತ್ತದೆ.

ಯಾರು ಯಾರಿಗೆ ದಾರಿ ಬಿಡಬೇಕು

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡೆಗೆ ದಾಟಿಸುತ್ತಿದ್ದ ದೋಣಿಗಳನ್ನು ಕಂಡು, ಅವು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಆದರೆ ಬೇರೆ ದೋಣಿಗಳಂತೆ ನೇರ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ, ಸುತ್ತುವುದು ಹಾಗೆಯೇ ಉಳಿದಿದೆ. ಐನೂರು ವರ್ಷ ಹಳೆಯ ಆ ವರ್ಣನೆಯಲ್ಲಿಯೇ ನೀರಿನ ಮೇಲಿನ ಸಂಚಾರದ ಮೂಲ ನಿಯಮ ಅಡಗಿದೆ ಎಂಬುದು ನನ್ನ ಎಣಿಕೆ: ತಿರುಗಬಲ್ಲ ದೋಣಿ ತಿರುಗಬೇಕು, ತಿರುಗಲಾರದ್ದಕ್ಕೆ ದಾರಿ ಬಿಡಬೇಕು. ಯಂತ್ರವಿರುವುದು ಹುಟ್ಟಿನ ದೋಣಿಗೆ ದಾರಿ ಬಿಡಬೇಕು. ಹುಟ್ಟಿನ ದೋಣಿ ಬಲೆ ಎಳೆಯುತ್ತಿರುವ ತೆಪ್ಪಕ್ಕೆ ದಾರಿ ಬಿಡಬೇಕು, ಏಕೆಂದರೆ ಬಲೆ ಕೈಯಲ್ಲಿರುವವನು ಹುಟ್ಟು ಹಿಡಿಯಲಾರ. ಇವರೆಲ್ಲರೂ ಈಜುವ ಮನುಷ್ಯನಿಗೂ ದನಕ್ಕೂ ದಾರಿ ಬಿಡಬೇಕು. ಹೊಳೆಗುಂಟ ಕೆಳಗಿಳಿಯುವ ದೋಣಿ ಸೆಳವಿನ ಕೈಯಲ್ಲಿರುತ್ತದೆ, ಎದುರೇರುವ ದೋಣಿ ನಿಲ್ಲಬಲ್ಲದು. ಆದ್ದರಿಂದ ಎರಡು ಬಂಡೆಗಳ ನಡುವಿನ ಕಿರಿದಾದ ಕಂಡಿಯಲ್ಲಿ ಇಬ್ಬರೂ ಎದುರಾದರೆ ಏರುವವನು ಕೆಳಗೇ ಕಾದು ಇಳಿಯುವವನನ್ನು ಹೋಗಗೊಡಬೇಕು.

ಇದು ಒಮ್ಮೆ ಮನಸ್ಸಿನಲ್ಲಿ ಕುಳಿತರೆ ಉಳಿದ ನಿಯಮಗಳು ಕಷ್ಟವಲ್ಲ. ಎರಡು ಯಂತ್ರದ ದೋಣಿಗಳು ನೇರ ಎದುರಾದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ಸರಿಯಬೇಕು. ಇಲ್ಲಿಯೇ ನಮ್ಮವರು ತಪ್ಪುವುದು, ರಸ್ತೆಯಲ್ಲಿ ಎಡಕ್ಕೆ ಸರಿದು ರೂಢಿಯಾದ ಕೈ ನೀರಿನಲ್ಲೂ ಎಡಕ್ಕೇ ಎಳೆಯುತ್ತದೆ. ಅಡ್ಡಹಾದಿಯಲ್ಲಿ ಎದುರಾದರೆ ಇನ್ನೊಂದು ದೋಣಿ ಯಾರ ಬಲಕ್ಕಿದೆಯೋ ಅವರು ವೇಗ ತಗ್ಗಿಸಿ ಅದರ ಹಿಂದಿನಿಂದ ಹೋಗಬೇಕು. ಹಿಂದಿಕ್ಕುವವನು ಮುಂದಿನವನಿಂದ ದೂರ ಉಳಿಯುವ ಹೊಣೆ ಹೊರಬೇಕು, ಮುಂದಿನವನು ತನ್ನ ದಾರಿಯನ್ನೂ ವೇಗವನ್ನೂ ಬದಲಿಸದಿದ್ದರೆ ಸಾಕು. ತಿರುಗುವುದಿದ್ದರೆ ಬೇಗ ತಿರುಗಿ, ಎದುರಿನವನಿಗೆ ಕಾಣುವಷ್ಟು ದೊಡ್ಡದಾಗಿ ತಿರುಗಿ. ಕೊನೆಯ ಗಳಿಗೆಯಲ್ಲಿ ಕೊಂಚ ಕೊಂಚ ಸರಿಯುವವನ ಉದ್ದೇಶ ಯಾರಿಗೂ ತಿಳಿಯುವುದಿಲ್ಲ. ಎದುರಿನವನ ನಡೆ ಅರ್ಥವಾಗದಿದ್ದರೆ ಸಿಳ್ಳೆಯನ್ನು ಐದು ಸಲ ಚಿಕ್ಕದಾಗಿ ಊದುವುದು ಎಲ್ಲ ಕಡೆ ನಡೆಯುವ ಸಂಕೇತ.

ದಾರಿ ಬಿಟ್ಟರೆ ಮುಗಿಯಲಿಲ್ಲ, ಅಲೆಯ ಲೆಕ್ಕವೂ ಇದೆ. ಕೆಲವು ವರ್ಷಗಳ ಹಿಂದೆ ಹಿನ್ನೀರಿನಲ್ಲಿ ನಾವು ಆರು ಜನ ಹರಿಗೋಲಿನಲ್ಲಿದ್ದಾಗ ಯಂತ್ರದ ದೋಣಿಯೊಂದು ನಮ್ಮಿಂದ ಸಾಕಷ್ಟು ದೂರದಲ್ಲಿಯೇ, ಕೈಬೀಸಿ ನಗುತ್ತಲೇ ಹಾದುಹೋಯಿತು. ಅವರ ದೃಷ್ಟಿಯಲ್ಲಿ ಅದು ಪೂರ್ಣ ಸೌಜನ್ಯ. ಅವರು ಕಣ್ಮರೆಯಾಗುವ ಹೊತ್ತಿಗೆ ಅವರ ಅಲೆ ನಮ್ಮನ್ನು ತಲುಪಿ, ಎರಡನೆಯ ಅಲೆ ಅಂಚು ದಾಟಿ ಒಳಗೆ ಬಂತು, ಮೂರನೆಯದಕ್ಕೆ ನಮ್ಮ ಬುತ್ತಿಯ ರೊಟ್ಟಿಗಳು ತೇಲಿದವು. ನಮ್ಮ ಅಂಬಿಗ ಬೈಯಲಿಲ್ಲ, ಡಬ್ಬಿ ಕೈಗೆ ಕೊಟ್ಟು ಮೊಗೆಯಿರಿ ಎಂದ. ಯಂತ್ರದ ದೋಣಿ ನಡೆಸುವವರು ಹಿಂದಿರುಗಿ ತಮ್ಮ ಅಲೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಹರಿಗೋಲು, ತೆಪ್ಪ, ಸ್ನಾನಘಟ್ಟ, ಬಟ್ಟೆ ಒಗೆಯುವ ಕಲ್ಲು, ದಡಕ್ಕೆ ಕಟ್ಟಿದ ದೋಣಿಗಳು ಕಂಡೊಡನೆ, ಅವುಗಳ ಪಕ್ಕಕ್ಕೆ ಬಂದ ಮೇಲಲ್ಲ, ಬಹಳ ಮುಂಚೆಯೇ ಹಿಂದೆ ಬಿಳಿ ನೊರೆಯೇಳದಷ್ಟು ವೇಗ ಇಳಿಸಬೇಕು. ಅಲೆ ತಿನ್ನುವ ಹರಿಗೋಲಿನಲ್ಲಿ ನೀವಿದ್ದರೆ ಎದ್ದು ನಿಲ್ಲದೆ, ಅಂಚು ಹಿಡಿಯಲು ಬಾಗದೆ, ತಳಕ್ಕೆ ಅಂಟಿ ಕೂರುವುದೊಂದೇ ಕೆಲಸ.

ಪ್ರವಾಸಿಗರ ಮೆಚ್ಚಿನ ಗಿರಕಿಯ ಬಗ್ಗೆಯೂ ಒಂದು ಮಾತು. ಸಾಣಾಪುರ ಕೆರೆಯಲ್ಲಿ ಹರಿಗೋಲನ್ನು ಬುಗುರಿಯಂತೆ ತಿರುಗಿಸುವುದು ಆಟವಾಗಿಬಿಟ್ಟಿದೆ. ತೆರೆದ ನೀರಿನಲ್ಲಿ, ಎಲ್ಲರೂ ಒಪ್ಪಿದ್ದರೆ, ಒಂದೆರಡು ಸುತ್ತು ಸರಿ. ಬೇರೆ ದೋಣಿಗಳ ನಡುವೆ, ಬಂಡೆಯ ಹತ್ತಿರ, ವಯಸ್ಸಾದವರೋ ಗರ್ಭಿಣಿಯರೋ ಇರುವಾಗ ಬೇಡ. ಸುತ್ತುವ ಹೊತ್ತಿನಲ್ಲಿ ಅಂಬಿಗನಿಗೂ ದಿಕ್ಕು ಕಾಣುವುದಿಲ್ಲ. ಆ ಕೆರೆಯಲ್ಲಿ ಎಡದಂಡೆ ಕಾಲುವೆಯ ನೀರು ಹಾಯುತ್ತದೆ ಎಂಬುದನ್ನು ಮರೆಯಬಾರದು, ಮೇಲೆ ಕನ್ನಡಿಯಂತಿದ್ದರೂ ನೀರು ಹೊರಬೀಳುವ ಕಡೆ ಸೆಳೆತ ಇರುತ್ತದೆ. ಬಂಡೆಯ ಮೇಲಿಂದ ಜಿಗಿಯುವ ಹುಚ್ಚಂತೂ ಈಜು ಬಲ್ಲವರನ್ನೂ ಇಲ್ಲಿ ಬಲಿ ತೆಗೆದುಕೊಂಡಿದೆ. ಕಾಲುವೆಯಲ್ಲಿ ದೋಣಿ, ತೆಪ್ಪ, ಟ್ಯೂಬು ಯಾವುದನ್ನೂ ಇಳಿಸಬೇಡಿ. ಇಳಿಜಾರಾದ ಕಾಂಕ್ರೀಟು ಗೋಡೆಯಲ್ಲಿ ಪಾಚಿ ಹಿಡಿದು ಹತ್ತಲು ಹಿಡಿತವೇ ಸಿಗುವುದಿಲ್ಲ.

ಹೊಳೆಯಲ್ಲಿ ಸ್ವತಃ ಹುಟ್ಟು ಹಾಕುವವರು ನೀರಿನ ಮೇಲಿನ ಗೆರೆಗಳನ್ನು ಓದಲು ಕಲಿಯಬೇಕು. ಮೊನೆ ಮೇಲ್ಭಾಗಕ್ಕೆ ಇರುವಂತೆ ಗೆರೆ ಕವಲೊಡೆದಿದ್ದರೆ ಆ ಮೊನೆಯಲ್ಲಿ ಬಂಡೆ ಕೂತಿದೆ. ಮೊನೆ ಕೆಳಮುಖವಾಗಿ ನೀರು ನುಣುಪಾದ ನಾಲಗೆಯಂತೆ ಚಾಚಿದ್ದರೆ ಅದು ಎರಡು ಬಂಡೆಗಳ ನಡುವಿನ ದಾರಿ. ನೀರು ಬಂಡೆಗಳ ಸಂದಿನೊಳಗೆ ನುಗ್ಗಿ ಮಾಯವಾಗುವ ಜಾಗದಿಂದ ಎಷ್ಟು ದೂರವಿದ್ದರೂ ಕಡಿಮೆಯೇ, ಅಲ್ಲಿ ನೀರು ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.

ಬಲೆ, ಘಟ್ಟ, ನೀರುನಾಯಿ

ನೀರಿನ ಮೇಲೆ ಸಾಲಾಗಿ ತೇಲುವ ಖಾಲಿ ಬಾಟಲಿಗಳು, ಥರ್ಮಾಕೋಲ್ ತುಂಡುಗಳು ಕಂಡರೆ ಕಸವೆಂದು ತಿಳಿಯಬೇಡಿ, ಕೆಳಗೆ ಬಲೆಯಿದೆ. ಸಾಲಿನ ತುದಿಯನ್ನು ಹುಡುಕಿ ಸುತ್ತಿ ಹೋಗಿ, ನಡುವೆ ದಾಟಬೇಡಿ. ಯಂತ್ರದ ರೆಕ್ಕೆಗೆ ಬಲೆ ಸಿಕ್ಕಿದರೆ ಮೊದಲು ಎಂಜಿನ್ ನಿಲ್ಲಿಸಿ, ಆದಷ್ಟು ಬಿಡಿಸಿ, ಕತ್ತರಿಸಲೇಬೇಕಾದರೆ ಬಲೆಯವರನ್ನು ಹುಡುಕಿ ಬೆಲೆ ಕೊಡಿ. ಒಂದು ಬಲೆ ಒಂದು ಮನೆಯ ಹಲವು ದಿನಗಳ ದುಡಿಮೆ. ಪಂಪ್‌ಸೆಟ್ಟಿನ ಕೊಳವೆಯನ್ನೂ ಅದರ ಜೊತೆ ನೀರಿಗಿಳಿದ ವಿದ್ಯುತ್ ತಂತಿಯನ್ನೂ ದೋಣಿ ಕಟ್ಟಲು, ಹಿಡಿದು ನಿಲ್ಲಲು ಬಳಸಬಾರದು.

ಘಟ್ಟದಲ್ಲಿ ಸ್ನಾನ ಮಾಡುವವರ ಚಿತ್ರ ತೆಗೆಯಬಾರದು ಎಂದು ಹೇಳಬೇಕಾಗಿ ಬಂದಿರುವುದೇ ನಾಚಿಕೆಯ ಸಂಗತಿ. ಹುಲಿಗಿಯಲ್ಲಿ, ಕುರುವಾಪುರದಲ್ಲಿ, ನವಬೃಂದಾವನದಲ್ಲಿ ನೀರಿಗೆ ಬರುವವರು ದೇವರಿಗಾಗಿ ಬರುತ್ತಾರೆ; ಅಲ್ಲಿ ಹಾಡಿನ ಪೆಟ್ಟಿಗೆ ನಿಲ್ಲಿಸಿ, ಇಳಿಯಲು ಕಾಯುತ್ತಿರುವ ಯಾತ್ರಿಕರ ದೋಣಿಗೆ ಮೊದಲು ಜಾಗ ಬಿಟ್ಟು, ನಿಮ್ಮ ದೋಣಿಯನ್ನು ಮೆಟ್ಟಿಲುಗಳಿಂದ ಆಚೆ ಕಟ್ಟಿ.

ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ನೀರುನಾಯಿಗಳು ಮರಿಗಳೊಂದಿಗೆ ಗುಂಪಾಗಿ ಈಜುತ್ತವೆ. ಗುಂಪಿನ ನಡುವೆ ದೋಣಿ ತೂರಿಸಿದರೆ ಮರಿ ಬೇರೆಯಾಗುತ್ತದೆ. ಹುಟ್ಟು ನಿಲ್ಲಿಸಿ, ಕದಲದೆ ಕುಳಿತರೆ ಅವೇ ಹತ್ತಿರ ಬಂದು ನಿಮ್ಮನ್ನು ನೋಡಿಹೋಗುವುದುಂಟು. ಮೊಸಳೆಗಳ ವಿಷಯದಲ್ಲಿ ಇಷ್ಟು ಸಲಿಗೆ ಬೇಡ. ತುಂಗಭದ್ರೆಯಲ್ಲೂ ರಾಯಚೂರಿನ ಕೃಷ್ಣೆಯಲ್ಲೂ ಅವು ಇವೆ, ಬಿಸಿಲು ಕಾಯುವ ಮರಳ ದಿಣ್ಣೆ ಮತ್ತು ಬಂಡೆಗಳಿಂದ ದೂರ ಇರಬೇಕು, ದೋಣಿಯಾಚೆ ಕೈಕಾಲು ಇಳಿಬಿಡಬಾರದು, ಮೀನಿನ ಹೊಲಸು ಚೆಲ್ಲಿದ ದಡದಲ್ಲಿ ಇಳಿಯಬಾರದು.

ಗಾಳಿ, ಸಿಡಿಲು, ಕತ್ತಲು

ತುಂಗಭದ್ರಾ ಜಲಾಶಯ ತುಂಬಿದಾಗ ಅದರ ಹರವು ಸುಮಾರು 378 ಚದರ ಕಿಲೋಮೀಟರ್. ಅಷ್ಟು ಬಯಲಿನ ಮೇಲೆ ಆಷಾಢದ ಗಾಳಿ ಬೀಸಿದರೆ ಏಳುವ ತೆರೆ ಹೊಳೆಯಲ್ಲಿ ಏಳುವುದಿಲ್ಲ, ಹೊಳೆಯ ಅನುಭವ ಅಲ್ಲಿ ಸಾಲದು. ಹಿನ್ನೀರಿನಲ್ಲಿ ದಡ ಬಿಟ್ಟು ಬಹಳ ಹೋಗದೆ, ಬೆಳಗಿನ ಹೊತ್ತಿನಲ್ಲಿ, ಮೊದಲು ಗಾಳಿಗೆ ಎದುರಾಗಿ ಹೋಗಿ ಬರುವಾಗ ಗಾಳಿಯ ನೆರವು ಪಡೆಯುವಂತೆ ದಾರಿ ಯೋಜಿಸಿ. ದಣಿದ ತೋಳಿಗೆ ಎದುರುಗಾಳಿ ಬರಬಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಯಲ್ಲಿ ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕೂಡಲೇ ದಡಕ್ಕೆ ಬಂದು, ಒಂಟಿ ಮರದ ಕೆಳಗೆ ನಿಲ್ಲದೆ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಕತ್ತಲಾದ ಮೇಲೆ ವಿಹಾರಕ್ಕೆ ಹೋಗಬೇಡಿ. ಅನಿವಾರ್ಯವಾಗಿ ತಡವಾದರೆ ಟಾರ್ಚನ್ನು ಎದುರಿನವರ ಕಣ್ಣಿಗೆ ಹಿಡಿಯದೆ ನಿಮ್ಮ ದೋಣಿಯೊಳಕ್ಕೇ ಹಿಡಿಯಿರಿ, ದೋಣಿ ಬೆಳಗಿ ದೂರಕ್ಕೆ ಕಾಣುತ್ತದೆ.

ಮಗುಚಿದರೆ

ಬಿದ್ದ ಕೂಡಲೇ ಗಾಬರಿಯಲ್ಲಿ ದಡದ ಕಡೆ ಈಜಲು ಹೊರಡುವುದು ಸಹಜ, ಹೆಚ್ಚು ಜನ ಸೋಲುವುದೂ ಅಲ್ಲಿಯೇ. ಬಿದಿರಿನ ಹರಿಗೋಲು ಮಗುಚಿದರೂ ಮುಳುಗದೆ ತೇಲುವುದು ಸಾಮಾನ್ಯ, ಅದನ್ನು ಹಿಡಿದುಕೊಳ್ಳಿ. ಸೆಳವಿದ್ದರೆ ದೋಣಿಯ ಮೇಲ್ಬದಿಗೆ, ಅಂದರೆ ನೀರು ಬರುವ ಕಡೆಗೆ ಇರಿ. ಕೆಳಬದಿಗಿದ್ದರೆ ದೋಣಿಗೂ ಬಂಡೆಗೂ ನಡುವೆ ಸಿಕ್ಕಿಕೊಳ್ಳುತ್ತೀರಿ. ದೋಣಿ ಕೈತಪ್ಪಿದರೆ ಅಂಗಾತ ತೇಲುತ್ತಾ, ಕಾಲುಗಳನ್ನು ಹರಿವಿನ ಮುಂದಕ್ಕೆ ಚಾಚಿ ಪಾದಗಳನ್ನು ನೀರಿನ ಮೇಲ್ಮಟ್ಟಕ್ಕೆ ಎತ್ತಿ, ಬಂಡೆ ಬಂದರೆ ಕಾಲಿನಿಂದ ತಳ್ಳಿಕೊಳ್ಳುತ್ತಾ ಓರೆಯಾಗಿ ದಡದತ್ತ ಸರಿಯಿರಿ. ರಭಸದ ನೀರಿನಲ್ಲಿ ನಡುಮಟ್ಟ ಆಳವಿದ್ದರೂ ಎದ್ದು ನಿಲ್ಲಲು ಹೋಗಬೇಡಿ, ಪಾದ ಕಲ್ಲುಗಳ ಸಂದಿನಲ್ಲಿ ಸಿಕ್ಕಿ ನೀರು ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಎರಡೂ ತೋಳುಗಳನ್ನು ಅಗಲಿಸಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು ಆಪತ್ತಿನ ಸಂಕೇತ. ದೂರದಿಂದ ಅದನ್ನು ಕಂಡವರು ಕೈಬೀಸಿ ನಕ್ಕು ಹೋಗಬಾರದು.

ದಡದಲ್ಲಿರುವವರು ನೀರಿಗೆ ಹಾರುವುದು ಕೊನೆಯ ದಾರಿ. ಹಗ್ಗ ಎಸೆಯಿರಿ, ಬಿದಿರಿನ ಗಳ ಚಾಚಿ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ, ಏನೂ ಇಲ್ಲದಿದ್ದರೆ ಎರಡು ಸೀರೆ ಗಂಟು ಹಾಕಿ ಎಸೆಯಿರಿ. ಮುಳುಗುತ್ತಿರುವವನ ಅಪ್ಪುಗೆ ಕಬ್ಬಿಣದಂಥದು, ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋದ ಸುದ್ದಿಗಳನ್ನು ಪ್ರತಿ ಬೇಸಗೆಯಲ್ಲೂ ಓದುತ್ತೇವೆ. ಜೊತೆಗೇ ಒಬ್ಬರು 112ಕ್ಕೆ ಕರೆ ಮಾಡಿ ಯಾವ ಊರಿನ ಯಾವ ದಡ ಎಂದು ಹೇಳಬೇಕು. ನದಿಯೇ ಜಿಲ್ಲೆಗಳ ಗಡಿಯಾಗಿರುವ ನಮ್ಮಲ್ಲಿ ದಡ ತಪ್ಪಾದರೆ ವಾಹನ ಆಚೆ ಬಂದು ನಿಲ್ಲುತ್ತದೆ.

ಮೇಲೆತ್ತಿದ ವ್ಯಕ್ತಿ ಉಸಿರಾಡದಿದ್ದರೆ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು, ಹೆಗಲ ಮೇಲೆ ಹೊತ್ತು ಸುತ್ತುವುದು ಯಾವುದೂ ಬೇಡ, ಇವುಗಳಿಂದ ಹೊಟ್ಟೆಯೊಳಗಿನದು ಶ್ವಾಸನಾಳಕ್ಕೆ ಇಳಿಯುತ್ತದೆ, ಅಮೂಲ್ಯ ನಿಮಿಷಗಳು ಕಳೆಯುತ್ತವೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಮುಚ್ಚಿದರೆ ಜೀವ ಬರುತ್ತದೆಂಬ ಮೊಬೈಲ್ ಸಂದೇಶವನ್ನು ನಂಬಿ ಬಳ್ಳಾರಿ ಜಿಲ್ಲೆಯಲ್ಲಿಯೇ ಹಾಗೆ ಮಾಡಿ ಕಾದು ಕುಳಿತದ್ದುಂಟು. ಅದು ಶುದ್ಧ ಸುಳ್ಳು. ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಐದು ಸಲ ಉಸಿರು ಊದಿ. ಚಲನೆ ಕಾಣದಿದ್ದರೆ ಎದೆಯ ನಡುವೆ ಅಂಗೈ ಊರಿ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಿಗಾದರೆ 5 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದಂತೆ 30 ಸಲ ಒತ್ತಿ, ಎರಡು ಸಲ ಊದಿ, ಹೀಗೆ 108ರ ವಾಹನ ಬರುವವರೆಗೂ ಸರದಿಯಂತೆ ಮುಂದುವರಿಸಿ. ಉಸಿರು ಮರಳಿದವರನ್ನು ಪಕ್ಕಕ್ಕೆ ಮಲಗಿಸಿ ಬೆಚ್ಚಗಿಡಿ. ಎದ್ದು ಕುಳಿತು ಚಹಾ ಕೇಳಿದರೂ ಆಸ್ಪತ್ರೆಗೆ ಕಳಿಸಲೇಬೇಕು, ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಮರೆತುಹೋಗುವ ಒಂದು ಕೆಲಸ ಉಳಿದಿದೆ. ಹೊರಡುವಾಗ ಎಷ್ಟು ಜನ, ಯಾವ ದಡದಿಂದ, ಎಷ್ಟು ಹೊತ್ತಿಗೆ ವಾಪಸು ಎಂದು ದಡದ ಚಹಾದಂಗಡಿಯವರಿಗೋ ಮನೆಯವರಿಗೋ ಹೇಳಿರುತ್ತೀರಿ, ಹೇಳಿರಬೇಕು. ಇಳಿದ ಮೇಲೆ ತಲೆ ಎಣಿಸಿ, ಬಂದೆವು ಎಂದು ಅವರಿಗೇ ತಿಳಿಸಿ. ಒಂದು ಸಂಜೆ ಐದು ಜನ ಯುವಕರು ಹೊರಟ ದಡ ಬಿಟ್ಟು ಬೇರೆ ಕಡೆ ಇಳಿದು ಹಾಗೆಯೇ ಹೊರಟುಹೋದರು. ನಮ್ಮ ಕಡೆಯ ಅಂಬಿಗರು ರಾತ್ರಿ ಹತ್ತರವರೆಗೆ ಟಾರ್ಚು ಹಿಡಿದು ಬಂಡೆ ಬಂಡೆಯ ಸಂದಿನಲ್ಲಿ ಅವರನ್ನು ಹುಡುಕಿದರು, ಆ ಹೊತ್ತಿಗೆ ಅವರು ಗಂಗಾವತಿಯಲ್ಲಿ ಊಟ ಮುಗಿಸಿ ಬಸ್ಸು ಕಾಯುತ್ತಿದ್ದರು.